ನಿಮ್ಮೂರನ್ನು ನೀವೇ ನಕ್ಷೆಗೆ ಏರಿಸಿ

ಮೊಬೈಲ್ ನಕ್ಷೆ ತೆರೆದು ನೋಡಿ. ಊರಿನ ಹೆಸರಿರುತ್ತದೆ, ಹೆದ್ದಾರಿ ಇರುತ್ತದೆ. ಅಂಗನವಾಡಿ, ಹಾಲಿನ ಡೇರಿ, ಕೆರೆ ಏರಿಯ ಮೇಲಿನ ದಾರಿ ಎಷ್ಟೋ ಕಡೆ ಕಾಣುವುದೇ ಇಲ್ಲ. ದೊಡ್ಡ ಕಂಪನಿಗಳ ನಕ್ಷೆಯಲ್ಲೂ ತಿದ್ದುಪಡಿ ಸೂಚಿಸಬಹುದು, ನಿಜ. ಆದರೆ ಒಪ್ಪುವುದು, ಬಿಡುವುದು ಅವರ ಕೈಯಲ್ಲಿ. ಒಪ್ಪಿದ ಮೇಲೂ ಮಾಹಿತಿ ಅವರ ಹಿಡಿತದಲ್ಲೇ ಉಳಿಯುತ್ತದೆ.

ಇದಕ್ಕೆ ಪರ್ಯಾಯ ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಶುರು ಮಾಡಿದ್ದು. ವಿಕಿಪೀಡಿಯದ ಹಾಗೆ ಇಲ್ಲೂ ಯಾರು ಬೇಕಾದರೂ ಸೇರಿಸಬಹುದು, ತಿದ್ದಬಹುದು. ಇಡೀ ಜಗತ್ತಿನ ಮಾಹಿತಿಯನ್ನು ಪುಕ್ಕಟೆ ಇಳಿಸಿಕೊಂಡು ಬಳಸಬಹುದು. ಮೂಲ ಯಾವುದೆಂದು ಹೇಳಬೇಕು, ಆ ಮಾಹಿತಿಯನ್ನು ಬೆಳೆಸಿ ಹಂಚಿದರೆ ಅದನ್ನೂ ಮುಕ್ತವಾಗಿಯೇ ಇಡಬೇಕು. 2010ರಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ಬೇರೆ ಬೇರೆ ದೇಶಗಳ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ಪೋರ್ಟ್-ಒ-ಪ್ರಿನ್ಸ್ ನಗರದ ಬೀದಿಗಳನ್ನು ಇದರಲ್ಲಿ ಬಿಡಿಸಿದರು. ಪರಿಹಾರ ತಂಡಗಳು ಆ ನಕ್ಷೆ ಹಿಡಿದು ಕೆಲಸ ಮಾಡಿದವು.

ಶುರು ಮಾಡುವುದು ಸುಲಭ. ಓಪನ್‌ಸ್ಟ್ರೀಟ್‌ಮ್ಯಾಪ್ ಡಾಟ್ ಆರ್ಗ್ ತಾಣಕ್ಕೆ ಹೋಗಿ ಇಮೇಲ್ ಕೊಟ್ಟು ಖಾತೆ ತೆರೆಯಿರಿ. ಕಂಪ್ಯೂಟರ್ ಇದ್ದರೆ ಒಳ್ಳೆಯದು, ಮೊಬೈಲ್ ಪರದೆಯಲ್ಲಿ ಗೆರೆ ಎಳೆಯುವುದು ಕಷ್ಟ. ನಿಮ್ಮೂರನ್ನು ಹುಡುಕಿ, ಹತ್ತಿರಕ್ಕೆ ಹಿಗ್ಗಿಸಿ, 'ಎಡಿಟ್' ಒತ್ತಿ. ಮೊದಲ ಸಲ ಒಂದು ಪುಟ್ಟ ಪಾಠ ಬರುತ್ತದೆ. ಅದನ್ನು ಬಿಡಬೇಡಿ. ಅಲ್ಲಿ ಏನೇ ಬಿಡಿಸಿದರೂ ನಿಜವಾದ ನಕ್ಷೆಗೆ ಹೋಗುವುದಿಲ್ಲ, ಧೈರ್ಯವಾಗಿ ಕಲಿಯಬಹುದು.

ಈಗ ಉಪಗ್ರಹ ಚಿತ್ರದ ಮೇಲೆ ಕೆಲಸ. ಇರುವುದು ಮೂರೇ ಸಾಧನ: ಪಾಯಿಂಟ್, ಲೈನ್, ಏರಿಯಾ. ಬಸ್ ನಿಲ್ದಾಣಕ್ಕೆ, ಅಂಗಡಿಗೆ ಪಾಯಿಂಟ್ ಸಾಕು. ರಸ್ತೆ, ಕಾಲುವೆ, ಕಾಲುದಾರಿಗೆ ಲೈನ್. ಕೆರೆ, ಶಾಲೆಯ ಆವರಣ, ಕಟ್ಟಡಕ್ಕೆ ಏರಿಯಾ. ಕಟ್ಟಡದ ಮೂಲೆಗಳು ವಾರೆಯಾದರೆ 'ಕ್ಯೂ' ಕೀಲಿ ಒತ್ತಿ, ನೆಟ್ಟಗಾಗುತ್ತವೆ. ಬಿಡಿಸಿದ್ದು ಏನು ಅನ್ನುವುದನ್ನು ಪಟ್ಟಿಯಿಂದ ಆರಿಸಬೇಕು. ಆಮೇಲೆ ಹೆಸರು. ಹೆಸರಿನ ಪೆಟ್ಟಿಗೆಯ ಪಕ್ಕದ ಪ್ಲಸ್ ಗುರುತು ಒತ್ತಿ ಕನ್ನಡವನ್ನು ಆರಿಸಿ, ಊರಿನವರು ಕರೆಯುವ ಹೆಸರನ್ನೇ ಬರೆಯಿರಿ. ಈ ಕೆಲಸ ಮಾತ್ರ ಹೊರಗಿನವರಿಂದ ಆಗದು. ರಸ್ತೆಯ ಗೆರೆಯನ್ನು ಯಾವ ದೇಶದಲ್ಲಿ ಕೂತವರೂ ಎಳೆಯಬಹುದು, ಆದರೆ ಆ ಹಳ್ಳಕ್ಕೆ ಊರಿನವರು ಏನೆನ್ನುತ್ತಾರೆ, ಮಳೆಗಾಲದಲ್ಲಿ ಯಾವ ದಾರಿ ಮುಚ್ಚುತ್ತದೆ ಅನ್ನುವುದು ಅಲ್ಲಿದ್ದವರಿಗೇ ಗೊತ್ತು, ಅಲ್ವಾ? ಹಾಗಾಗಿ ಹಿರಿಯರನ್ನು ಕೇಳಿಕೊಂಡು ಬನ್ನಿ.

ಒಂದು ಎಚ್ಚರಿಕೆ. ಗೂಗಲ್ ಮ್ಯಾಪ್ಸ್ ನೋಡಿಕೊಂಡು ಹೆಸರನ್ನಾಗಲಿ ಗೆರೆಯನ್ನಾಗಲಿ ನಕಲು ಮಾಡಬೇಡಿ. ಅದಕ್ಕೆ ಹಕ್ಕುಸ್ವಾಮ್ಯವಿದೆ. ಸಿಕ್ಕಿಬಿದ್ದರೆ ಆ ಭಾಗವನ್ನೇ ತೆಗೆದುಹಾಕುತ್ತಾರೆ. ಕಣ್ಣಾರೆ ಕಂಡದ್ದು, ಎಡಿಟರ್‌ನಲ್ಲೇ ಕೊಟ್ಟಿರುವ ಉಪಗ್ರಹ ಚಿತ್ರ, ಇವೆರಡೇ ಸಾಕು. ಮನೆಗಳ ಮೇಲೆ ಅಲ್ಲಿ ವಾಸಿಸುವವರ ಹೆಸರೂ ಬೇಡ.

ಮುಗಿದ ಮೇಲೆ 'ಸೇವ್' ಒತ್ತಿ, ಏನು ಮಾಡಿದಿರಿ ಅಂತ ಒಂದು ಸಾಲು ಬರೆಯಿರಿ. 'ಶಾಲೆ ಮತ್ತು ಎರಡು ಬೀದಿ ಸೇರಿಸಿದೆ' ಅಂದರೆ ಸಾಕು. ಯಾರ ಒಪ್ಪಿಗೆಗೂ ಕಾಯಬೇಕಿಲ್ಲ. ಪ್ರತಿ ಬದಲಾವಣೆಯ ದಾಖಲೆ ಉಳಿಯುವುದರಿಂದ ತಪ್ಪಾದರೆ ಬೇರೆಯವರು ಸರಿಪಡಿಸಬಹುದು. ಯಾರಾದರೂ ಪ್ರಶ್ನೆ ಕೇಳಿದರೆ ಸಮಾಧಾನದಿಂದ ಉತ್ತರಿಸಿ.

ಗೆರೆ ಎಳೆಯುವುದು ಜಾಸ್ತಿ ಆಯಿತು ಅನ್ನಿಸಿದರೆ ಆಂಡ್ರಾಯ್ಡ್ ಫೋನಿಗೆ 'ಸ್ಟ್ರೀಟ್‌ಕಂಪ್ಲೀಟ್' ಆ್ಯಪ್ ಹಾಕಿಕೊಳ್ಳಿ. ಈ ರಸ್ತೆ ಡಾಂಬರಿನದೋ ಮಣ್ಣಿನದೋ, ಬೀದಿದೀಪ ಇದೆಯೋ ಅಂತ ಅದೇ ಕೇಳುತ್ತದೆ. ಸಂಜೆ ಸುಮ್ನೆ ಓಡಾಡುತ್ತಾ ಉತ್ತರಿಸಿದರೆ ಮಾಹಿತಿ ನಕ್ಷೆಗೆ ಸೇರುತ್ತದೆ.

ಬಿಡಿಸಿದ್ದನ್ನು ಬಳಸಲು 'ಆರ್ಗ್ಯಾನಿಕ್ ಮ್ಯಾಪ್ಸ್' ಅಥವಾ 'ಓಎಸ್ಎಂಅಂಡ್' ಇಳಿಸಿಕೊಳ್ಳಿ. ನಮ್ಮ ಭಾಗದ ನಕ್ಷೆಯನ್ನು ಒಮ್ಮೆ ಇಳಿಸಿದರೆ ನೆಟ್‌ವರ್ಕ್ ಇಲ್ಲದ ಮಲೆನಾಡಿನ ದಾರಿಯಲ್ಲೂ ಕೆಲಸಕ್ಕೆ ಬರುತ್ತದೆ. ನಿಮ್ಮ ಬದಲಾವಣೆ ತಾಣದಲ್ಲಿ ಸಾಮಾನ್ಯವಾಗಿ ಬೇಗನೆ ಕಾಣುತ್ತದೆ. ಆ್ಯಪ್‌ಗಳಿಗೆ ಬರಲು ಕೆಲವು ವಾರ ಹಿಡಿಯಬಹುದು. ಆಗಾಗ ಆ್ಯಪ್‌ನ ನಕ್ಷೆಯನ್ನು ಅಪ್‌ಡೇಟ್ ಮಾಡಿಕೊಳ್ಳುತ್ತಿರಿ.