ಮೇವಿನ ಕೆಲಸಕ್ಕೆ ಹಳೆಯ ಟ್ರ್ಯಾಕ್ಟರ್: ಬಣ್ಣಕ್ಕಿಂತ ಮೊದಲು ಪಿಟಿಒ ನೋಡಿ

ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಲ್ಲಿ ಮಾರಾಟಕ್ಕೆ ಬರುವ ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಬಹಳಷ್ಟು ಎರಡು ಬಗೆಯ ದುಡಿಮೆಯಿಂದ ಬಂದಿರುತ್ತವೆ. ಕೆಲವು ಕಬ್ಬು ತುಂಬಿದ ಡಬಲ್ ಟ್ರೇಲರ್ ಎಳೆದು ಕಾರ್ಖಾನೆಯ ಯಾರ್ಡ್‌ನಲ್ಲಿ ಪಾಳಿ ಕಾದವು; ಇನ್ನು ಕೆಲವು ಬಾಡಿಗೆಗೆ ರೋಟಾವೇಟರ್ (ತಿರುಗುವ ಅಲಗುಗಳಿಂದ ಮಣ್ಣು ಪುಡಿ ಮಾಡುವ ಉಪಕರಣ) ಹೊಡೆದವು. ಈ ಎರಡು ದುಡಿಮೆಗಳು ಟ್ರ್ಯಾಕ್ಟರಿನ ಬೇರೆ ಬೇರೆ ಅಂಗಗಳನ್ನು ಸವೆಸುತ್ತವೆ. ಮೇವು ಕೊಯ್ಯುವುದಕ್ಕೆ, ಸಾಲುಗೂಡಿಸುವುದಕ್ಕೆ, ಬೇಲ್ (ಒತ್ತಿ ಬಿಗಿದ ಮೇವಿನ ಕಟ್ಟು) ಕಟ್ಟುವುದಕ್ಕೆ ಯಾವ ಅಂಗಗಳು ಗಟ್ಟಿಯಾಗಿರಬೇಕು, ಹಿಂದಿನ ದುಡಿಮೆಯಲ್ಲಿ ಅವು ಎಷ್ಟು ಉಳಿದುಕೊಂಡಿವೆ ಎಂಬುದನ್ನು ನೋಡಿಯೇ ವ್ಯಾಪಾರಕ್ಕೆ ಕೂರಬೇಕು. ಅವುಗಳಲ್ಲಿ ಮುಖ್ಯವಾದದ್ದು ಪಿಟಿಒ, ಅಂದರೆ ಟ್ರ್ಯಾಕ್ಟರಿನ ಹಿಂಬದಿಯಲ್ಲಿ ತಿರುಗುತ್ತ ಎಂಜಿನ್ನಿನ ಶಕ್ತಿಯನ್ನು ಉಪಕರಣಕ್ಕೆ ಕೊಡುವ ದಂಡ. ಮಾಡೆಲ್ ಯಾವ ವರ್ಷದ್ದು, ಬಾನೆಟ್ಟಿನ ಬಣ್ಣ ಹೇಗಿದೆ, ಸೀಟು ಹೊಸದೇ ಎಂಬುದೆಲ್ಲ ಆಮೇಲಿನ ಮಾತು.

ಮೊದಲು ಮೇವಿನ ಲೆಕ್ಕ

ಐದು ದನಗಳಿರುವ ಮನೆಯಲ್ಲಿ, ಒಂದೊಂದಕ್ಕೆ ದಿನಕ್ಕೆ 6 ಕಿಲೊ ಒಣಮೇವು ಎಂದು ಹಿಡಿದರೂ ವರ್ಷಕ್ಕೆ ಸುಮಾರು 11 ಟನ್ ಬೇಕಾಗುತ್ತದೆ. 20 ಕಿಲೊ ತೂಕದ ಬೇಲ್‌ಗಳಾಗಿ ಕಟ್ಟಿದರೆ ಅದು 550 ಬೇಲ್. ಕೇಳುವುದಕ್ಕೆ ದೊಡ್ಡದೆನಿಸಿದರೂ ಟ್ರ್ಯಾಕ್ಟರಿನ ಮಟ್ಟಿಗೆ ಇದು ವರ್ಷದಲ್ಲಿ ಕೆಲವೇ ದಿನಗಳ ಕೆಲಸವಾದ್ದರಿಂದ, ಇದೊಂದಕ್ಕಾಗಿ ಹೊಸ ಟ್ರ್ಯಾಕ್ಟರ್ ತಂದು ಕಂತು ಕಟ್ಟುವುದು ಸಣ್ಣ ಹಿಡುವಳಿಗೆ ಹೊಂದುವುದಿಲ್ಲ. ಎರಡೇ ದನ, ಎರಡೇ ಎಕರೆ ಇದ್ದರೆ ಹಳೆಯದೂ ಬೇಡ. ಕೃಷಿ ಯಂತ್ರಧಾರೆ ಕೇಂದ್ರದಿಂದಲೋ ಊರಿನವರಿಂದಲೋ ಬಾಡಿಗೆಗೆ ಪಡೆಯುವುದೇ ಲಾಭ.

ಯಾವ ಮೇವು ಎಂಬುದೂ ಮುಖ್ಯ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯ ಎರೆಭೂಮಿಯಲ್ಲಿ ಹಿಂಗಾರಿಯ ಮಾಲದಂಡಿ ಜೋಳದ ಕಣಿಕಿಯೇ ಪ್ರಧಾನ ಮೇವು. ಅದರ ದಂಟು ದಪ್ಪ, ಗೆಣ್ಣಿನಲ್ಲಿ ಹಸಿ ಬಹಳ ದಿನ ಉಳಿಯುತ್ತದೆ. ಹೀಗಾಗಿ ಸೂಡು ಕಟ್ಟಿ ಬಣವಿ ಒಟ್ಟುವುದು, ಬೇಕಾದಾಗ ಮೇವು ಕತ್ತರಿಸುವ ಯಂತ್ರಕ್ಕೆ ಹಾಕುವುದು ಇಂದಿಗೂ ಸರಿಯಾದ ಕ್ರಮವೇ ಆಗಿದೆ. ಕಣಿಕಿಯನ್ನಷ್ಟೇ ನಂಬಿದವರಿಗೆ ಬೇಲರ್ ಎಳೆಯುವ ಶಕ್ತಿ ಬೇಕಿಲ್ಲ, ಕತ್ತರಿಸುವ ಯಂತ್ರ ತಿರುಗಿಸುವಷ್ಟು ಸಾಕು. ನೀರಾವರಿಯ ಕುದುರೆಮೆಂತೆ, ಗಿನಿ ಹುಲ್ಲು, ಖಾನಾಪುರ ಕಡೆಯ ಭತ್ತದ ಹುಲ್ಲು, ಅಥಣಿ, ಜಮಖಂಡಿ, ಮುಧೋಳ ಭಾಗದ ಕಬ್ಬಿನ ರವದಿ (ಒಣಗಿದ ಗರಿ) ಇವು ಬೇಲ್ ಕಟ್ಟಲು ಬರುವಂಥವು. ರವದಿ ಮೇವಾಗಿ ಅಷ್ಟು ಸತ್ವದ್ದಲ್ಲ, ಆದರೆ ಅದನ್ನು ಹೊಲದಲ್ಲೇ ಸುಡುವುದಕ್ಕಿಂತ ಕಟ್ಟಿ ಮಾರುವುದು ಮೇಲು.

ಉಪಕರಣಗಳ ಹಸಿವು ಒಂದೇ ತೆರನಲ್ಲ. ಮೇವು ಕೊಯ್ಯುವ ಕತ್ತರಿ ಪಟ್ಟಿಯ ಮೋವರ್‌ಗೆ 20-25 ಎಚ್‌ಪಿ ಸಾಕು. ಡ್ರಮ್ ಮೋವರ್‌ಗೆ 35-40 ಬೇಕು. ನೆಲದ ಮೇಲೆ ಉರುಳುತ್ತ ತಾನೇ ತಿರುಗಿ ಮೇವನ್ನು ಸಾಲುಗೂಡಿಸುವ ಚಕ್ರದ ರೇಕ್‌ಗೆ ಪಿಟಿಒ ಕೂಡ ಬೇಡ. ಸಣ್ಣ ದುಂಡು ಬೇಲರ್ 35 ಎಚ್‌ಪಿ ಆಸುಪಾಸಿನಲ್ಲಿ ನಡೆಯುತ್ತದೆ. ಚೌಕ ಬೇಲರ್ ಒಳಗಿನ ದಂಡ ಪ್ರತಿ ಬಾರಿ ಮೇವನ್ನು ಒತ್ತುವಾಗಲೂ ಟ್ರ್ಯಾಕ್ಟರನ್ನು ಹಿಂದೆ ಮುಂದೆ ಜಗ್ಗುವುದರಿಂದ, ಅದಕ್ಕೆ 45 ಎಚ್‌ಪಿಯ ಜತೆಗೆ ಮೈತೂಕವೂ ಬೇಕು. ನನ್ನ ಎಣಿಕೆಯಲ್ಲಿ ಐದಾರು ಎಕರೆಯ ರೈತನಿಗೆ 40ರಿಂದ 45 ಎಚ್‌ಪಿಯ ಟ್ರ್ಯಾಕ್ಟರ್ ಹದವಾದದ್ದು. ಪುಸ್ತಕದಲ್ಲಿ ಬರೆದ ಎಚ್‌ಪಿ ಎಂಜಿನ್ನಿನದು, ಪಿಟಿಒ ತುದಿಗೆ ತಲುಪುವುದು ಅದರ ನೂರಕ್ಕೆ 85ರಷ್ಟು ಎಂಬುದನ್ನು ನೆನಪಿಡಬೇಕು. 42 ಎಚ್‌ಪಿಯ ಎಂಜಿನ್ ಎಂದರೆ ಉಪಕರಣದ ಪಾಲಿಗೆ ಸುಮಾರು 36.

ಪಿಟಿಒ ಮತ್ತು ಕ್ಲಚ್

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಮೇವಿನ ಯಂತ್ರಗಳು ನಿಮಿಷಕ್ಕೆ 540 ಸುತ್ತಿನ ಪಿಟಿಒಗೆ ಹೊಂದುವಂತೆ ರೂಪುಗೊಂಡಿರುತ್ತವೆ. ಬೇಲರ್ ಎಳೆಯುವಾಗ ಸಾಲಿನಲ್ಲಿ ಮೇವು ಒಂದೇ ಸಮನೆ ಬಿದ್ದಿರುವುದಿಲ್ಲ. ದಪ್ಪ ಗುಡ್ಡೆ ಬಂದಾಗ ಟ್ರ್ಯಾಕ್ಟರಿನ ಓಟವನ್ನು ನಿಲ್ಲಿಸಬೇಕು, ಆದರೆ ಒಳಗೆ ಸೇರಿದ ಮೇವನ್ನು ಯಂತ್ರ ನುಂಗಿ ಮುಗಿಸಲು ಪಿಟಿಒ ತಿರುಗುತ್ತಲೇ ಇರಬೇಕು. ಒಂದೇ ಕ್ಲಚ್ಚಿನ ಟ್ರ್ಯಾಕ್ಟರಿನಲ್ಲಿ ಪೆಡಲ್ ಒತ್ತಿದೊಡನೆ ಗಾಲಿ, ಪಿಟಿಒ ಎರಡೂ ನಿಂತುಹೋಗಿ ಬೇಲರ್ ಬಾಯಲ್ಲಿ ಮೇವು ಸಿಕ್ಕಿಬೀಳುತ್ತದೆ. ಡಬಲ್ ಕ್ಲಚ್ ಇದ್ದರೆ ಪೆಡಲನ್ನು ಅರ್ಧ ಒತ್ತಿದಾಗ ಗಾಲಿ ಮಾತ್ರ ನಿಲ್ಲುತ್ತದೆ, ಪೂರ್ತಿ ಒತ್ತಿದಾಗ ಪಿಟಿಒ ನಿಲ್ಲುತ್ತದೆ. ಪಿಟಿಒಗೆ ಪ್ರತ್ಯೇಕ ಹಿಡಿಕೆಯೇ ಇರುವ ಟ್ರ್ಯಾಕ್ಟರ್ ಸಿಕ್ಕರೆ ಅದು ಇನ್ನೂ ಉತ್ತಮ. ಒಂದೇ ಮಾಡೆಲ್ ಸಿಂಗಲ್ ಕ್ಲಚ್ಚಿನಲ್ಲೂ ಡಬಲ್ ಕ್ಲಚ್ಚಿನಲ್ಲೂ ಬಂದಿರುವುದುಂಟಾದ್ದರಿಂದ, ಹೆಸರು ಕೇಳಿ ನಂಬದೆ ಪೆಡಲ್ ಒತ್ತಿಯೇ ನೋಡಬೇಕು.

ಸಿಂಗಲ್ ಕ್ಲಚ್ಚಿನದರಲ್ಲಿ ಇನ್ನೊಂದು ಅಪಾಯವಿದೆ. ವೇಗವಾಗಿ ತಿರುಗುತ್ತಿರುವ ಬೇಲರ್ ಅಥವಾ ಡ್ರಮ್ ಮೋವರ್‌ನ ಭಾರವಾದ ಚಕ್ರ, ಕ್ಲಚ್ ಒತ್ತಿದ ಮೇಲೂ ಪಿಟಿಒ ದಂಡದ ಮೂಲಕ ಗೇರ್ ಪೆಟ್ಟಿಗೆಯನ್ನು ತಿರುಗಿಸುತ್ತ ಟ್ರ್ಯಾಕ್ಟರನ್ನು ಮುಂದಕ್ಕೆ ನೂಕಬಹುದು. ಒಡ್ಡಿನ ಅಂಚಿನಲ್ಲೋ ಬಾವಿಯ ಹತ್ತಿರವೋ ಹೀಗಾದರೆ ಪರಿಣಾಮವನ್ನು ಹೇಳಬೇಕಾಗಿಲ್ಲ. ಅಂಥ ಟ್ರ್ಯಾಕ್ಟರನ್ನೇ ಕೊಳ್ಳಬೇಕಾಗಿ ಬಂದರೆ, ಒಂದೇ ದಿಕ್ಕಿಗೆ ಹಿಡಿದು ಇನ್ನೊಂದು ದಿಕ್ಕಿಗೆ ಜಾರುವ ಜೋಡಣೆಯನ್ನು ಪಿಟಿಒಗೂ ಉಪಕರಣದ ದಂಡಕ್ಕೂ ನಡುವೆ ಹಾಕಿಸುವುದು ಅಗತ್ಯ.

ಪಿಟಿಒ ದಂಡದ ಹಲ್ಲುಗಳನ್ನು ಎಂಜಿನ್ ನಿಲ್ಲಿಸಿ ಕೈಯಿಂದ ಮುಟ್ಟಿ ನೋಡಿ. 35 ಮಿಲಿಮೀಟರ್ ದಪ್ಪದ ಈ ದಂಡಕ್ಕೆ ಆರು ಹಲ್ಲುಗಳಿರುತ್ತವೆ. ಹಲ್ಲಿನ ಅಂಚು ಚೌಕವಾಗಿ, ಎರಡೂ ಬದಿ ಒಂದೇ ತೆರನಾಗಿದ್ದರೆ ಒಳ್ಳೆಯದು. ಒಂದು ಬದಿ ಮಾತ್ರ ಬಾಗಿ ಬೆರಳ ತುದಿಗೆ ಅಂಚು ಚೂಪಾಗಿ ತಾಗಿದರೆ ಅದು ರೋಟಾವೇಟರ್ ಬಹಳ ಹೊಡೆದ ಗುರುತು. ದಂಡವನ್ನು ಮೇಲೆ ಕೆಳಗೆ ಅಲ್ಲಾಡಿಸಿದಾಗ ಟಕ್ ಎಂದರೆ ಬೇರಿಂಗ್ ಹೋಗಿದೆ. ಸುತ್ತಲೂ ಧೂಳು ಕೂಡಿದ ಎಣ್ಣೆಯ ಜಿಡ್ಡು ಕಂಡರೆ ಸೀಲ್ ಸೋರುತ್ತಿದೆ. ಸೀಲ್ ಸಣ್ಣ ಖರ್ಚು, ಬೇರಿಂಗ್ ನಡುವಿನ ಖರ್ಚು, ಕ್ಲಚ್ ಪ್ಲೇಟ್ ಬದಲಿಸಲು ಟ್ರ್ಯಾಕ್ಟರನ್ನು ನಡುವೆ ಬಿಚ್ಚಬೇಕಾದ್ದರಿಂದ ಅದು ದೊಡ್ಡ ಖರ್ಚು.

ಇಷ್ಟಾದ ಮೇಲೆ ಭಾರ ಕೊಟ್ಟು ನೋಡಲೇಬೇಕು. ಊರಲ್ಲೇ ಸಿಗುವ ರೋಟಾವೇಟರ್ ಜೋಡಿಸಿ ಅರ್ಧ ತಾಸು ಹೊಡೆಸಿ. ಎಂಜಿನ್ ಒಂದೇ ದನಿಯಲ್ಲಿದ್ದು ರೋಟಾವೇಟರ್ ಮಾತ್ರ ಮಂದವಾದರೆ ಪಿಟಿಒ ಕ್ಲಚ್ ಜಾರುತ್ತಿದೆ ಎಂದರ್ಥ. ಎಂಜಿನ್ನೇ ಕುಗ್ಗಿದರೆ ತೊಂದರೆ ಎಂಜಿನ್ನಿನಲ್ಲಿದೆ. ಈ ಪರೀಕ್ಷೆಯ ಹೊತ್ತಿನಲ್ಲಿ ಧೋತರದ ಚುಂಗು, ಹೆಗಲ ಮೇಲಿನ ಟಾವೆಲ್ ಪಿಟಿಒ ಹತ್ತಿರ ಸುಳಿಯಬಾರದು. ಪಿಟಿಒ ಮೇಲಿನ ತಗಡಿನ ಕವಚ ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಹೆಚ್ಚಾಗಿ ಇರುವುದೇ ಇಲ್ಲ, ಹಾಕಿಸಿಕೊಳ್ಳಿ.

ಬೇಲರ್ ಗಂಟೆಗೆ ಮೂರರಿಂದ ಐದು ಕಿಲೋಮೀಟರ್ ವೇಗದಲ್ಲಿ ಸಾಗಬೇಕು. ಪಿಟಿಒ 540 ಸುತ್ತು ತಿರುಗುವಷ್ಟು ಎಂಜಿನ್ ಏರಿಸಿದಾಗ ಲೋ ಗೇರಿನಲ್ಲಿ ಆ ವೇಗ ಸಿಗುತ್ತದೆಯೇ ಎಂದು ಹೊಲದಲ್ಲಿ ಓಡಿಸಿಯೇ ತಿಳಿಯಬೇಕು. ಮೀಟರಿನಲ್ಲಿ 540ರ ಗುರುತು ಎಲ್ಲಿದೆಯೋ ಅಲ್ಲಿಗೆ ಮುಳ್ಳು ತಂದು ಒಂದು ಸಾಲು ಹೋಗಿ ಬಂದರೆ ಸಾಕು.

ಹೈಡ್ರಾಲಿಕ್ ಪರೀಕ್ಷೆ ಸುಲಭ. ರೋಟಾವೇಟರನ್ನು ಪೂರ್ತಿ ಎತ್ತಿ ಎಂಜಿನ್ ಬಂದ್ ಮಾಡಿ, ಚಹಾ ಕುಡಿದು ಬರುವಷ್ಟರಲ್ಲಿ ಅದು ನೆಲಕ್ಕಿಳಿದಿದ್ದರೆ ಒಳಗೆ ಸೋರಿಕೆಯಿದೆ. ಎಂಜಿನ್ ನಡೆಯುತ್ತಿರುವಾಗ ಎತ್ತಿದ ಉಪಕರಣ ಬಿಕ್ಕಳಿಸಿದಂತೆ ಕುಣಿದರೂ ಅದೇ ಕಾರಣ.

ಕಬ್ಬು ಎಳೆದ ಟ್ರ್ಯಾಕ್ಟರಿನ ಗುರುತು

ಕಬ್ಬಿನ ಹಂಗಾಮು ಮುಗಿದ ಮೇಲೆ, ಅಂದರೆ ಮಾರ್ಚ್-ಏಪ್ರಿಲ್ ಹೊತ್ತಿಗೆ, ಮಾರುವವರು ಹೆಚ್ಚು. ಕಾರ್ಖಾನೆಗಳು ಶುರುವಾಗುವ ಮುನ್ನ ಕೊಳ್ಳುವವರು ಹೆಚ್ಚು. ಬೇಸಿಗೆಯಲ್ಲಿ ಕೊಳ್ಳುವುದೇ ಸಣ್ಣ ರೈತನಿಗೆ ಅನುಕೂಲ. ಆದರೆ ಆಗ ಬರುವವುಗಳಲ್ಲಿ ಕಬ್ಬು ಎಳೆದವೇ ಬಹಳ. "ಒಂದ ಸೀಜನ್ ಅಷ್ಟ ಹೊಡದೇವ್ರಿ, ಬರೇ ಮನಿ ಕೆಲಸಕ್ಕ ಇಟ್ಟಿದ್ದು" ಎಂಬ ಮಾತು ಎಲ್ಲ ಕಡೆಯೂ ಕೇಳಿಬರುತ್ತದೆ. ಮಾತಿಗಿಂತ ಹಿಂದಿನ ಹುಕ್ ಹೆಚ್ಚು ಹೇಳುತ್ತದೆ: ಟ್ರೇಲರ್ ಪಿನ್ನಿನ ರಂಧ್ರ ದುಂಡಗಿರದೆ ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದರೆ, ಹುಕ್ಕಿನ ಪಟ್ಟಿಗೆ ಹೆಚ್ಚುವರಿ ತಗಡು ವೆಲ್ಡ್ ಆಗಿದ್ದರೆ, ಮುಂದಿನ ಬಂಪರಿಗೆ ಕಬ್ಬಿಣದ ತೂಕ ಕಟ್ಟಿದ ಗುರುತಿದ್ದರೆ ಅದು ಡಬಲ್ ಟ್ರೇಲರ್ ಎಳೆದ ಟ್ರ್ಯಾಕ್ಟರ್.

ಹಾಗೆಂದು ಅದನ್ನು ಒಮ್ಮೆಲೇ ಬಿಡಬೇಕಾಗಿಲ್ಲ. ರಸ್ತೆಯಲ್ಲಿ ಭಾರ ಎಳೆಯುವಾಗ ಪಿಟಿಒಗೆ ಕೆಲಸವಿರುವುದಿಲ್ಲ. ಇಂಥ ಟ್ರ್ಯಾಕ್ಟರಿನ ಪಿಟಿಒ ಹಲ್ಲುಗಳು ಎಷ್ಟೋ ಸಲ ಹೊಸದರಂತೆಯೇ ಇರುತ್ತವೆ. ಸವೆದಿರುವುದು ಗಾಲಿಯ ಕ್ಲಚ್, ಕ್ರೌನ್ ಪಿನಿಯನ್ (ಹಿಂಗಾಲಿಗೆ ಶಕ್ತಿ ತಲುಪಿಸುವ ಗೇರ್ ಜೋಡಿ), ಬ್ರೇಕ್, ಹಿಂದಿನ ಆಕ್ಸಲ್ಲಿನ ಬೇರಿಂಗ್. ಭಾರದ ಜಗ್ಗಾಟಕ್ಕೆ ಮುಂಗಾಲಿ ಎದ್ದು ಎದ್ದು ಬಿದ್ದಿರುವುದರಿಂದ ಮುಂದಿನ ಆಕ್ಸಲ್ಲಿನ ಬುಷ್ ಮತ್ತು ಸ್ಟಿಯರಿಂಗ್ ಕೂಡ ಸಡಿಲವಾಗಿರುತ್ತವೆ. ಮೇವಿನ ಕೆಲಸದಲ್ಲಿ ಗಾಲಿಯ ಮೇಲೆ ಅಷ್ಟು ಹೊರೆ ಬೀಳುವುದಿಲ್ಲವಾದ್ದರಿಂದ, ಬ್ರೇಕ್ ಮತ್ತು ಸ್ಟಿಯರಿಂಗ್ ಸರಿಪಡಿಸಿ, ಕ್ಲಚ್ ಬದಲಿಸಿ ಬಳಸುವುದಾದರೆ ಆ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ ಕೊಳ್ಳಬಹುದು. ಇದಕ್ಕೆ ತದ್ವಿರುದ್ಧವಾಗಿ, ಬಾಡಿಗೆ ರೋಟಾವೇಟರ್ ಹೊಡೆದು ಪಿಟಿಒ ಬರಿದಾದ, ಮೇಲೆ ಮಾತ್ರ ಹೊಳೆಯುವ ಟ್ರ್ಯಾಕ್ಟರ್ ಮೇವಿನವನಿಗೆ ಸಲ್ಲದು. ಆದರೆ ಒಂದು ದೋಷಕ್ಕೆ ಮಾತ್ರ ರಿಯಾಯಿತಿ ಕೂಡದು: ಎಂಜಿನ್ನಿಗೂ ಗೇರ್ ಪೆಟ್ಟಿಗೆಗೂ ನಡುವಿನ ಬೀಡಿನ ಹೌಸಿಂಗ್ ಸೀಳಿ, ವೆಲ್ಡ್ ಮಾಡಿ, ಬಣ್ಣ ಬಳಿದಿದ್ದರೆ ಬೆಲೆ ಎಷ್ಟಿಳಿದರೂ ಬೇಡ. ಆ ಜಾಗದಲ್ಲಿ ಮಾತ್ರ ಬಣ್ಣ ಹೊಸದಾಗಿದ್ದರೆ ಚಿಂದಿಗೆ ಡೀಸೆಲ್ ಹಚ್ಚಿ ಉಜ್ಜಿ ನೋಡಿ.

ಟಯರಿನ ಬದಿಯಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಡಾಂಬರು ರಸ್ತೆಯಲ್ಲಿ ಓಡಿದ ಟಯರ್ ನಡುವೆ ಸವೆದಿರುತ್ತದೆ. ಮೇವಿಗೆ ಹೊಸ ಟಯರ್ ಅನಿವಾರ್ಯವಲ್ಲ, ಬಿರುಕಿಲ್ಲದಿದ್ದರೆ ಆಯಿತು.

ಎಂಜಿನ್

ನೋಡಲು ಹೋಗುವ ಮುನ್ನ, ತಾವು ಬರುವತನಕ ಚಾಲೂ ಮಾಡಬೇಡಿ ಎಂದು ಮಾಲೀಕರಿಗೆ ಹೇಳಿ, ಹೋದೊಡನೆ ಎಂಜಿನ್ ಮುಟ್ಟಿ ನೋಡಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಕಾರಣವಿರುತ್ತದೆ. ತಣ್ಣಗಿದ್ದಾಗ ಚಾಲೂ ಮಾಡಿದ ಮೇಲೆ ನೀಲಿ ಹೊಗೆ ನಿಲ್ಲದಿದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ. ಭಾರವಿಲ್ಲದಾಗಲೂ ಕಪ್ಪು ಹೊಗೆ ಬಂದರೆ ಇಂಜೆಕ್ಟರ್ ಅಥವಾ ಏರ್ ಫಿಲ್ಟರ್ ನೋಡಬೇಕು. ಆಯಿಲ್ ಹಾಕುವ ಮುಚ್ಚಳ ತೆರೆದಾಗ ಬುಸಬುಸನೆ ಗಾಳಿ ನೂಕಿದರೆ ಬೋರಿಂಗ್ ಕೆಲಸ (ಸವೆದ ಸಿಲಿಂಡರ್ ಕೊರೆಸಿ ಸರಿಪಡಿಸುವುದು) ಹತ್ತಿರದಲ್ಲಿದೆ. ಇವನ್ನು ಯಾವ ಮೇಸ್ತ್ರಿಯೂ ಹೇಳುತ್ತಾರೆ.

ಅವರು ಬಿಡಬಹುದಾದದ್ದು ಏರ್ ಕ್ಲೀನರ್. ಮೇವಿನ ಕೆಲಸದಷ್ಟು ಹೊಟ್ಟು, ಧೂಳು ಬೇರೆ ಕೆಲಸದಲ್ಲಿ ವಿರಳ. ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪನ್ನು ಕ್ಲಿಪ್ ಸಡಿಲಿಸಿ ಬಿಚ್ಚಿ, ಒಳಗೋಡೆಗೆ ಬೆರಳು ಆಡಿಸಿ. ಬೆರಳು ಸ್ವಚ್ಛವಾಗಿ ಬಂದರೆ ಸರಿ. ನುಣ್ಣನೆಯ ಮಣ್ಣು ಅಂಟಿದರೆ ಆ ಎಂಜಿನ್ ಮಣ್ಣು ಉಸಿರಾಡಿದೆ, ಮೀಟರ್ ಎಷ್ಟೇ ತಾಸು ತೋರಿಸಲಿ. ತಾಸಿನ ಮೀಟರಿನ ವೈರ್ ಬಿಚ್ಚಿಡುವುದು ಕಷ್ಟದ ಕೆಲಸವಲ್ಲ. ಕ್ಲಚ್ ಪೆಡಲಿನ ರಬ್ಬರ್, ಗೇರ್ ಹಿಡಿಕೆಯ ಸವಕಲು ಅದಕ್ಕಿಂತ ನಿಜ ಹೇಳುತ್ತವೆ. ಸೈಲೆನ್ಸರ್ ತೂತಾಗಿದ್ದರೆ, ಬ್ಯಾಟರಿ ವೈರಿನ ಸಿಪ್ಪೆ ಸುಲಿದಿದ್ದರೆ ಒಣಮೇವಿನ ನಡುವೆ ಓಡಿಸುವ ಮುನ್ನವೇ ಸರಿಪಡಿಸಬೇಕು; ಒಂದು ಕಿಡಿಗೆ ವರ್ಷದ ಬಣವಿ ಹೋಗುತ್ತದೆ.

ಕಾಗದಪತ್ರ

ಆರ್‌ಸಿಯಲ್ಲಿ ಬ್ಯಾಂಕು ಅಥವಾ ಫೈನಾನ್ಸಿನ ಹೈಪಾಥಿಕೇಷನ್ (ಸಾಲದ ಒತ್ತೆ), ಅಂದರೆ ಎಚ್‌ಪಿ ನಮೂದು ಇದ್ದರೆ, ಸಾಲ ತೀರಿದ ಪತ್ರ ಮತ್ತು ಫಾರ್ಮ್ 35 ಕೈಗೆ ಬಾರದೆ ಪೂರ್ತಿ ಹಣ ಕೊಡಬಾರದು. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30 ಬೇಕು. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ನಂತರ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 14 ವರ್ಷದ ಟ್ರ್ಯಾಕ್ಟರ್ ಅಗ್ಗವಾಗಿ ಸಿಗುವುದಕ್ಕೆ ಇದೂ ಒಂದು ಕಾರಣ. ನಮ್ಮ ಕಡೆ ಕೆಎ 22, 23, 28, 29, 48, 49ರ ಜತೆಗೆ ಸಾಂಗಲಿಯ ಎಂಎಚ್ 10, ಸೊಲ್ಲಾಪುರದ ಎಂಎಚ್ 13 ಟ್ರ್ಯಾಕ್ಟರ್‌ಗಳೂ ಬರುತ್ತವೆ. ಬೆಲೆ ಕಡಿಮೆಯೆನಿಸಿದರೂ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ, ಇಲ್ಲಿ ಹೊಸ ನೋಂದಣಿ, ತೆರಿಗೆ ಎಲ್ಲವನ್ನೂ ಕೂಡಿಸಿ ನೋಡಿ. ಚಾಸಿ ಮತ್ತು ಎಂಜಿನ್ ನಂಬರನ್ನು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದುಕೊಂಡು ಆರ್‌ಸಿಯೊಂದಿಗೆ ಒಂದೊಂದೇ ಅಕ್ಷರ ಹೋಲಿಸಬೇಕು. ಟ್ರೇಲರ್ ಜತೆಗೇ ಕೊಡುವುದಾದರೆ ಅದಕ್ಕೂ ಪ್ರತ್ಯೇಕ ಆರ್‌ಸಿ ಕೇಳಿ.

ಟ್ರ್ಯಾಕ್ಟರ್ ಒಪ್ಪಿಸಿಕೊಂಡ ದಿನಾಂಕ ಮತ್ತು ಗಂಟೆಯನ್ನು ಇಬ್ಬರೂ ಸಹಿ ಮಾಡಿದ ಕಾಗದದಲ್ಲಿ ಬರೆದಿಡಿ. ಅದಕ್ಕೂ ಹಿಂದಿನ ಅಪಘಾತದ ಹೊಣೆ ತಮ್ಮ ಮೇಲೆ ಬರದಂತೆ ಅದು ಆಧಾರವಾಗುತ್ತದೆ. ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಲು 14 ದಿನಗಳೊಳಗೆ ಅರ್ಜಿ ಕೊಡಬೇಕು. ಬೆಲೆಯ ಹತ್ತನೆಯ ಒಂದು ಭಾಗವನ್ನು ಬೇರೆಯಾಗಿ ತೆಗೆದಿಟ್ಟುಕೊಂಡಿದ್ದರೆ, ಮನೆಗೆ ತಂದ ವಾರದಲ್ಲೇ ಎಂಜಿನ್, ಗೇರ್ ಮತ್ತು ಹೈಡ್ರಾಲಿಕ್ ಆಯಿಲ್, ಎಲ್ಲ ಫಿಲ್ಟರ್, ಫ್ಯಾನ್ ಬೆಲ್ಟ್ ಬದಲಿಸಿ, ರೇಡಿಯೇಟರಿನ ಜಾಲಿಯಲ್ಲಿ ಸಿಕ್ಕ ಹೊಟ್ಟನ್ನು ಒಳಗಿನಿಂದ ಹೊರಕ್ಕೆ ಗಾಳಿ ಹೊಡೆಸಿ ತೆಗೆಸಲು ಆ ಹಣ ಸಾಕಾಗುತ್ತದೆ.