ಐದು ಎಕರೆ ನಿಮ್ಮದು, ಅದರ ನೀರು ಯಾರದು?

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಹತ್ತು ಹನ್ನೆರಡು ವರ್ಷ ಕಳೆದ ನಮ್ಮವರಲ್ಲಿ, ಮನೆಯ ಸಾಲ ಒಂದು ಹದಕ್ಕೆ ಬಂದ ಮೇಲೆ, ಊರಾಚೆ ನಾಲ್ಕೈದು ಎಕರೆ ಕೊಂಡು ಅವರೆ, ಬದನೆ, ಮೆಂತ್ಯ ಬೆಳೆಯಬೇಕು, ಕೈಲಾದರೆ ಎರಡು ಹಸು ಕಟ್ಟಬೇಕು ಎಂಬ ಆಸೆ ತಪ್ಪದೆ ಮೊಳೆಯುತ್ತದೆ. ಪರಿಚಿತ ಮೂರು ಕುಟುಂಬಗಳು ಒಂದರ ಹಿಂದೊಂದು ನಾನು ಬಿದ್ದ ಗುಂಡಿಗೇ ಬಿದ್ದದ್ದನ್ನು ನೋಡಿ ಇದನ್ನು ಬರೆಯುತ್ತಿದ್ದೇನೆ. ಸಾಲ, ಕ್ರೆಡಿಟ್ ಸ್ಕೋರ್, ಮನೆಯ ತಪಾಸಣೆ ನಿಮಗೆ ತಿಳಿದದ್ದೇ, ಅವನ್ನು ಬಿಡುತ್ತೇನೆ. ಈ ದೇಶ ಪಶ್ಚಿಮಕ್ಕೆ ಏಕೆ ಹಬ್ಬಿತು ಎಂಬುದನ್ನು ಅರಿಯದೆ ಇಲ್ಲಿನ ಜಮೀನಿನ ಕಾಗದವನ್ನು ಸರಿಯಾಗಿ ಓದಲಾಗದು, ಏಕೆಂದರೆ ಅಂದು ಬಂದವರ ಒಂದೊಂದು ಆಸೆಯೂ ಇಂದಿನ ಪತ್ರಗಳಲ್ಲಿ ಒಂದೊಂದು ಷರತ್ತಾಗಿ ಉಳಿದಿದೆ.

ಮಕ್ಕಳ ಶಾಲಾ ಪುಸ್ತಕದಲ್ಲಿ ‘ಮ್ಯಾನಿಫೆಸ್ಟ್ ಡೆಸ್ಟಿನಿ’ ಎಂಬ ಮಾತು ಬರುತ್ತದೆ. ಖಂಡದುದ್ದಕ್ಕೂ ಹರಡುವುದು ದೈವಸಂಕಲ್ಪವೆಂಬ ಅರ್ಥದ ಈ ಮಾತನ್ನು 1845ರಲ್ಲಿ ಪತ್ರಕರ್ತ ಜಾನ್ ಓಸಲಿವನ್ ಚಲಾವಣೆಗೆ ತಂದ. ನನ್ನ ಮಟ್ಟಿಗೆ ಅದು ವ್ಯವಹಾರಕ್ಕೆ ಹೊದಿಸಿದ ಮಡಿಬಟ್ಟೆ. 1803ರಲ್ಲಿ ಅಧ್ಯಕ್ಷ ಜೆಫರ್ಸನ್‌ಗೆ ಮೊದಲು ಬೇಕಿದ್ದದ್ದು ಮಿಸಿಸಿಪಿ ನದಿಯ ಬಾಯಲ್ಲಿದ್ದ ನ್ಯೂ ಆರ್ಲಿಯನ್ಸ್ ಬಂದರು. ಫ್ರಾನ್ಸಿನ ನೆಪೋಲಿಯನ್ ಇಡೀ ಲೂಸಿಯಾನಾ ಪ್ರಾಂತವನ್ನೇ ಒಂದೂವರೆ ಕೋಟಿ ಡಾಲರಿಗೆ ಮಾರಿಬಿಟ್ಟ. ದಕ್ಷಿಣದ ಹತ್ತಿ ಜಮೀನ್ದಾರರಿಗೆ ಗುಲಾಮಗಿರಿ ನಡೆಯುವ ಹೊಸ ರಾಜ್ಯಗಳು ಬೇಕಿದ್ದವು, ಉತ್ತರದ ಬಡ ರೈತರಿಗೆ ಸ್ವಂತ ಹೊಲ ಬೇಕಿತ್ತು. 160 ಎಕರೆಯಲ್ಲಿ ಐದು ವರ್ಷ ನೆಲೆಸಿ ಉತ್ತವನಿಗೆ ಅದನ್ನು ಬಿಟ್ಟುಕೊಡುವ ಹೋಮ್‌ಸ್ಟೆಡ್ ಕಾಯಿದೆ 1862ರಲ್ಲಿ ಪಾಸಾಗಲು ದಕ್ಷಿಣದ ಸದಸ್ಯರು ಅಂತರ್ಯುದ್ಧದಿಂದಾಗಿ ಇಲ್ಲಿನ ಸಂಸತ್ತಾದ ಕಾಂಗ್ರೆಸ್ಸನ್ನು ಬಿಟ್ಟು ಹೋಗಿದ್ದೂ ಒಂದು ಕಾರಣ. ಹೀಗೆ ಬಿಟ್ಟಿಯಾಗಿ ಹಂಚಿದ ನೆಲ ಬಿಟ್ಟಿಯದಾಗಿರಲಿಲ್ಲ. ಕೊಲೊರಾಡೊದ ರಾಜಧಾನಿ ಡೆನ್ವರ್ ನಿಂತಿರುವ ಜಾಗವನ್ನು 1851ರ ಫೋರ್ಟ್ ಲಾರಮಿ ಒಪ್ಪಂದವು ಮೂಲನಿವಾಸಿಗಳಾದ ಷೈಯೆನ್ ಮತ್ತು ಅರಾಪಹೊ ಜನರ ನೆಲವೆಂದು ಒಪ್ಪಿತ್ತು. 1858ರಲ್ಲಿ ಚಿನ್ನದ ಸುದ್ದಿ ಹಬ್ಬಿತು. 1864ರ ನವೆಂಬರಿನಲ್ಲಿ ಸ್ಯಾಂಡ್ ಕ್ರೀಕ್‌ನಲ್ಲಿ ಅದೇ ಜನರ ಬಿಡಾರದ ಮೇಲೆ ಸೈನಿಕರು ಬಿದ್ದು ನೂರಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು.

ಜಮೀನಿನ ಅಳತೆಯ ಮಟ್ಟಿಗೆ ಇಲ್ಲಿನ ವ್ಯವಸ್ಥೆಯೇ ಮೇಲೆಂದು ಒಪ್ಪುತ್ತೇನೆ. ನೆಲವನ್ನು ಬೇಗ ಮಾರಬೇಕಿದ್ದುದರಿಂದ 1785ರಲ್ಲೇ ಆರು ಮೈಲಿ ಚೌಕದ ಟೌನ್‌ಶಿಪ್, ಅದರೊಳಗೆ 640 ಎಕರೆಯ 36 ಸೆಕ್ಷನ್ ಎಂದು ಗೆರೆ ಎಳೆದರು. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ ಎಂಬ ನಮ್ಮ ಚಕ್ಕುಬಂದಿಯ ಜಗಳ ಇಲ್ಲಿ ಅಪರೂಪ. ಆದರೆ ನೆಲದಡಿಯ ಖನಿಜ ನಿಮ್ಮದೆಂದು ಭಾವಿಸಬೇಡಿ. ರೈಲ್ವೆ ಕಂಪನಿಗಳಿಗೆ ಸರ್ಕಾರ ಹಳಿಯ ಇಕ್ಕೆಲಗಳಲ್ಲಿ ಚದುರಂಗದ ಮನೆಗಳಂತೆ ಒಂದು ಬಿಟ್ಟು ಒಂದು ಸೆಕ್ಷನ್ ಕೊಟ್ಟಿತ್ತು. ಅವನ್ನು ಮಾರುವಾಗ ಕಂಪನಿಗಳು ಖನಿಜವನ್ನು ತಮ್ಮಲ್ಲೇ ಇಟ್ಟುಕೊಂಡದ್ದುಂಟು. 1916ರ ಜಾನುವಾರು ಹೋಮ್‌ಸ್ಟೆಡ್ ಕಾಯಿದೆಯಲ್ಲಿ ಸರ್ಕಾರವೂ ಹಾಗೆಯೇ ಮಾಡಿತು.

ನನ್ನ ಹಣ ನುಂಗಿದ್ದು ನೀರು. ನಾನು ಕೊಂಡ ಐದು ಎಕರೆಯಲ್ಲಿ ಬಾವಿ ಇತ್ತು. ‘ಒಳ್ಳೆಯ ನೀರು’ ಎಂದು ಏಜೆಂಟರು ಹೇಳಿದ್ದು ಸುಳ್ಳಲ್ಲ. ಬೇಲಿ ಹಾಕಿಸಿ, ಹನಿ ನೀರಾವರಿಯ ಕೊಳವೆ ಎಳೆಸಿ, ಮಣ್ಣು ಹದ ಮಾಡಿದ ಮೇಲೆ, ಪಕ್ಕದ ಮನೆಯ ಮುದುಕರೊಬ್ಬರು ಬಂದು ನಿಮ್ಮ ಬಾವಿಯ ಪರ್ಮಿಟ್ ಓದಿದ್ದೀರಾ ಎಂದು ಮೆಲ್ಲಗೆ ಕೇಳಿದರು. ಓದಿದೆ. ‘ಹೌಸ್‌ಹೋಲ್ಡ್ ಯೂಸ್ ಓನ್ಲಿ’ ಎಂದಿತ್ತು. ಅಂದರೆ ಅಡುಗೆ, ಸ್ನಾನ, ಬಟ್ಟೆ ಒಗೆತಕ್ಕೆ ಮಾತ್ರ. ಹೊಸ್ತಿಲಾಚೆ ಒಂದು ಗಿಡಕ್ಕೂ ಹಾಕುವಂತಿಲ್ಲ, ಹಸುವಿಗೂ ಕುಡಿಸುವಂತಿಲ್ಲ. ಸಾಮಾನ್ಯವಾಗಿ 35 ಎಕರೆ ಅಥವಾ ಹೆಚ್ಚಿನ ಜಮೀನಿಗೆ ಮಾತ್ರ ಒಂದು ಎಕರೆಯವರೆಗಿನ ತೋಟಕ್ಕೂ ಸಾಕುಪ್ರಾಣಿಗಳಿಗೂ ನೀರು ಬಳಸುವ ‘ಡೊಮೆಸ್ಟಿಕ್’ ಪರ್ಮಿಟ್ ಸಿಗುತ್ತದೆ. ಜಮೀನಿನ ಒಡೆತನದಲ್ಲಿ ದೋಷ ಕಂಡರೆ ನಷ್ಟ ತುಂಬುವ ಟೈಟಲ್ ಇನ್ಶೂರೆನ್ಸ್ ಇದೆಯಲ್ಲ ಎಂದು ಧೈರ್ಯ ತಂದುಕೊಂಡೆ. ನೀರಿನ ಹಕ್ಕನ್ನು ಆ ಪಾಲಿಸಿಗಳು ಹೊರಗಿಡುವುದೇ ರೂಢಿ.

ಇಂಥ ವಿಚಿತ್ರ ನಿಯಮದ ಬೇರೂ ಚಿನ್ನದಲ್ಲೇ ಇದೆ. ನದಿಯ ದಡದ ನೆಲದವನಿಗೆ ನೀರಿನ ಹಕ್ಕು ಎಂಬುದು ಮಳೆ ಸಮೃದ್ಧವಾದ ಇಂಗ್ಲೆಂಡಿನಿಂದ ಬಂದ ಕಾನೂನು. ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗಾರರಿಗೆ ಸ್ವಂತ ನೆಲವಿರಲಿಲ್ಲ. ಅದಿರಿನ ಮಣ್ಣು ತೊಳೆಯಲು ಹೊಳೆಯ ನೀರನ್ನು ಮರದ ಹಲಗೆಯ ಕಾಲುವೆಗಳಲ್ಲಿ ಮೈಲಿಗಟ್ಟಲೆ ಒಯ್ಯಬೇಕಿತ್ತು. ಹಾಗಾಗಿ ಮೊದಲು ತಿರುಗಿಸಿಕೊಂಡವನಿಗೆ ಮೊದಲ ಹಕ್ಕು ಎಂದು ತಾವೇ ಕಟ್ಟುಪಾಡು ಮಾಡಿಕೊಂಡರು. ಆ ತತ್ವ 1876ರಲ್ಲಿ ಕೊಲೊರಾಡೊದ ಸಂವಿಧಾನವನ್ನೇ ಹೊಕ್ಕಿತು. 1879ರ ಬರದಲ್ಲಿ ಸೇಂಟ್ ವ್ರೇನ್ ಹೊಳೆಯ ದಡದ ರೈತರು, ತಮ್ಮ ನೀರನ್ನು ಬೇರೆ ಕಣಿವೆಗೆ ಒಯ್ಯುತ್ತಿದ್ದ ಕಾಲುವೆ ಕಂಪನಿಯ ಒಡ್ಡನ್ನು ಕಿತ್ತುಹಾಕಿದರು. 1882ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ದಡ ನಿಮ್ಮದಾದರೇನು, ನೀರನ್ನು ಮೊದಲು ಬಳಸಿದವರು ಅವರು ಎಂದು ತೀರ್ಪಿತ್ತಿತು. ಹೊಸ ಬಾವಿಯೂ ಹೊಳೆಗೆ ಸೇರಬೇಕಾದ ನೀರನ್ನೇ ಎಳೆಯುತ್ತದೆ ಎಂಬ ಎಣಿಕೆಯಿಂದ ನಮ್ಮಂಥ ಕಡೆಗೆ ಬಂದವರಿಗೆ ಸರದಿಯ ಬಾಲ ಸಿಕ್ಕಿದೆ.

ಕಾವೇರಿ ಕಂಡವರಿಗೆ ಈ ತರ್ಕ ಹೊಸದಲ್ಲ. ಕೆಳಗಿನ ಹಳೆಯ ಬಳಕೆಯನ್ನು ಮುಂದಿಟ್ಟೇ 1892ರ ಒಪ್ಪಂದ ಮದರಾಸಿನ ಒಪ್ಪಿಗೆಯಿಲ್ಲದೆ ಮೇಲೆ ಹೊಸ ಅಣೆ ಕಟ್ಟದಂತೆ ಮೈಸೂರಿನ ಕೈ ಕಟ್ಟಿತ್ತು. ಇಲ್ಲಿನದು ನ್ಯಾಯವೆಂದು ನನಗನ್ನಿಸುವುದಿಲ್ಲ. ಮೊದಲು ಬಂದವರೆಂದರೆ ಅರಾಪಹೊಗಳಲ್ಲವೆ? ಆದರೂ ಸಾವಿರ ಅಡಿ ದಾಟಿದ ಕೋಲಾರದ ಬೋರ್‌ವೆಲ್‌ಗಳನ್ನು ನೆನೆದಾಗ, ಯಾರು ಎಷ್ಟು ಎಳೆಯಬಹುದೆಂದು ಬರೆದಿಡುವ ವ್ಯವಸ್ಥೆಯನ್ನು ಹಳಿಯಲು ನಾಲಿಗೆ ತಡೆಯುತ್ತದೆ.

ಆದ್ದರಿಂದ ಮುಂಗಡ ಕೊಡುವ ಮೊದಲೇ ಬಾವಿಯ ಪರ್ಮಿಟ್ ಸಂಖ್ಯೆ ಕೇಳಿ, ರಾಜ್ಯದ ಜಲಸಂಪನ್ಮೂಲ ವಿಭಾಗದ ಜಾಲತಾಣದಲ್ಲಿ ಹುಡುಕಿ, ‘ಬಳಕೆ’ ಎಂಬ ಸಾಲನ್ನು ನೀವೇ ಓದಿ. ಕಾಲುವೆ ಕಂಪನಿಯ ನೀರಿನಲ್ಲಿ ಪಾಲು ಕೊಡುವ ಷೇರು ಇದೆ ಎಂದರೆ ಅದು ಕ್ರಯಪತ್ರದಲ್ಲಿ ಬರೆದಿದೆಯೇ ನೋಡಿ, ಏಕೆಂದರೆ ನೀರನ್ನು ನೆಲದಿಂದ ಬೇರ್ಪಡಿಸಿ ಮಾರಬಹುದು. ಬಳಸಿದಷ್ಟು ನೀರನ್ನು ಹೊಳೆಗೆ ತುಂಬಿಕೊಡುವ ‘ಆಗ್ಮೆಂಟೇಷನ್’ ಯೋಜನೆ ಮಾಡಿಸಿದರಾಯಿತು ಎಂದು ಯಾರಾದರೂ ಹಗುರವಾಗಿ ಹೇಳಿದರೆ, ವಕೀಲರ ಮತ್ತು ಎಂಜಿನಿಯರರ ಶುಲ್ಕವನ್ನು ಮೊದಲು ವಿಚಾರಿಸಿ. ನಾನು ಅಲ್ಲಿಗೇ ಕೈಬಿಟ್ಟೆ. 2016ರ ಕಾನೂನಿನಂತೆ ಮನೆಯೊಂದಕ್ಕೆ ಒಟ್ಟು 110 ಗ್ಯಾಲನ್ ಹಿಡಿಯುವ ಎರಡು ಪೀಪಾಯಿಗಳಲ್ಲಿ ಸೂರಿನ ಮಳೆನೀರು ಸಂಗ್ರಹಿಸಬಹುದು. ನಮ್ಮ ಐದು ಎಕರೆಯಲ್ಲಿ ಈಗ ಆ ಎರಡು ಪೀಪಾಯಿಗಳಿವೆ, ಅವುಗಳ ಪಕ್ಕದಲ್ಲಿ ಒಂದು ಮಡಿ ಮೆಂತ್ಯ.