ತಂಡ ಸೋತ ರಾತ್ರಿ ಅಭಿಮಾನಿಯು ಮಾಡಬೇಕಾದದ್ದು

ರೆಫರಿ ಕೊನೆಯ ಸೀಟಿ ಊದಿದ ಮೇಲೆ ಕನಿಷ್ಠ ಒಂದು ಗಂಟೆಯವರೆಗೆ ಫುಟ್‌ಬಾಲ್ ಅಭಿಮಾನಿಯು ತನ್ನ ತಂಡದ ಬಗ್ಗೆ ಯಾವ ತೀರ್ಪನ್ನೂ ಕೊಡಬಾರದು. ಆ ಹೊತ್ತಿನಲ್ಲಿ ಕಣ್ಣಿಗೆ ಕಟ್ಟಿರುವುದು ಎದುರಾಳಿಯ ಕೊನೆಯ ಗೋಲು ಒಂದೇ. ತೊಂಬತ್ತು ನಿಮಿಷಗಳ ಉಳಿದ ಆಟವೆಲ್ಲ ಅದರ ಮರೆಗೆ ಸರಿದಿರುತ್ತದೆ. ಆದ್ದರಿಂದ ಟಿವಿ ಆರಿಸಿ, ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಸ್ವಲ್ಪ ದೂರ ನಡೆದು ಬನ್ನಿ. ಪಂದ್ಯದ ನಂತರದ ಚರ್ಚೆಯನ್ನು ನೋಡುತ್ತ ಕೂತರೆ ಸಿಟ್ಟು ಇಳಿಯುವುದಿಲ್ಲ, ಏಕೆಂದರೆ ಅಲ್ಲಿ ಅದೇ ತಪ್ಪನ್ನು ನಿಧಾನಗತಿಯಲ್ಲಿ ಹತ್ತು ಸಲ ತೋರಿಸಿ ಗಾಯದ ಮೇಲೆ ಬರೆ ಎಳೆಯುತ್ತಾರೆ. 'ಆಟ ತಾನೇ, ಬಿಡು' ಎನ್ನುವವರಿಗೆ ಉತ್ತರ ಕೊಡುವ ಗೋಜಿಗೂ ಹೋಗಬೇಡಿ. ಬೇಸರ ಪಡುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ನಿಜವಾದ ಕೆಲಸ ಮರುದಿನದ್ದು. ಪಂದ್ಯದ ಪೂರ್ಣ ವಿಡಿಯೋ ಸಿಕ್ಕರೆ ಅದನ್ನು, ಇಲ್ಲವಾದರೆ ಪ್ರತಿ ಗೋಲಿಗೂ ಹಿಂದಿನ ಎರಡು ಮೂರು ನಿಮಿಷಗಳನ್ನಾದರೂ ಮತ್ತೆ ನೋಡಿ. ಈ ಸಲ ಚೆಂಡನ್ನು ಹಿಂಬಾಲಿಸದೆ, ಚೆಂಡಿಲ್ಲದ ಆಟಗಾರರು ಎಲ್ಲಿ ನಿಂತಿದ್ದಾರೆ ಎಂಬುದನ್ನು ಗಮನಿಸಬೇಕು. ಇಂಜುರಿ ಟೈಮ್‌ನಲ್ಲಿ (ತೊಂಬತ್ತು ನಿಮಿಷದ ಮೇಲೆ ಸೇರಿಸುವ ಹೊತ್ತಿನಲ್ಲಿ), ಮೈದಾನದ ಮೂಲೆಯಿಂದ ಒದ್ದ ಕಾರ್ನರ್‌ನಿಂದ ಬಿದ್ದ ಒಂದು ಗೋಲಿನಿಂದ ನಮ್ಮ ತಂಡ ಸೋತಾಗ, ಮುಂದೆ ನುಗ್ಗಿ ಚೆಂಡು ತಪ್ಪಿಸಿಕೊಂಡ ಗೋಲ್‌ಕೀಪರನ್ನು ನಾನು ರಾತ್ರಿಯಿಡೀ ಶಪಿಸಿದ್ದೆ. ಮರುದಿನ ಆ ಭಾಗವನ್ನು ಮೂರು ಸಲ ನೋಡಿದಾಗ ಬೇರೆಯೇ ಕಥೆ ಕಂಡಿತು. ಚೆಂಡನ್ನು ಗೆರೆಯಾಚೆಗೆ ಒದ್ದು ಉಸಿರಾಡುವ ಅವಕಾಶವಿದ್ದ ನಮ್ಮ ಡಿಫೆಂಡರ್, ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ ನಿಂತಿದ್ದ ಮಿಡ್‌ಫೀಲ್ಡರಿಗೆ ಪಾಸ್ ಕೊಟ್ಟಿದ್ದ. ಆ ಚೆಂಡು ಎದುರಾಳಿಯ ಪಾಲಾಗಿ, ಅದರಿಂದಲೇ ಕಾರ್ನರ್ ಹುಟ್ಟಿತ್ತು. ಕಾರ್ನರ್ ಒದೆಯುವ ಹೊತ್ತಿಗೆ ದೂರದ ಗೋಲುಕಂಬದ ಬಳಿ ನಮ್ಮವರೊಬ್ಬರೂ ಇರಲಿಲ್ಲ. ಕೀಪರ್ ಮುಂದೆ ಬರದೆ ಬೇರೆ ದಾರಿಯೇ ಇರಲಿಲ್ಲ.

ಇದಾದ ಮೇಲೆ ಫಲಿತಾಂಶವನ್ನೂ ಆಟವನ್ನೂ ಬೇರ್ಪಡಿಸಿ ತೂಗಬೇಕು. 2022ರ ವಿಶ್ವಕಪ್‌ನ 64 ಪಂದ್ಯಗಳಲ್ಲಿ ಬಂದದ್ದು 172 ಗೋಲು, ಅಂದರೆ ಎರಡೂ ತಂಡಗಳು ಸೇರಿ ಪಂದ್ಯಕ್ಕೆ ಮೂರೂ ಇಲ್ಲ. ಇಷ್ಟು ಕಡಿಮೆ ಗೋಲಿನ ಆಟದಲ್ಲಿ ಒಂದು ಜಾರುವಿಕೆ, ಕಂಬಕ್ಕೆ ಬಡಿದ ಒಂದು ಹೊಡೆತ ಸಾಕು, ಚೆನ್ನಾಗಿ ಆಡಿದವರೂ ಸೋಲುತ್ತಾರೆ. ಅದೇ ವಿಶ್ವಕಪ್‌ನಲ್ಲಿ ತನ್ನ ಮೊದಲ ಪಂದ್ಯದಲ್ಲಿ ಅರ್ಜೆಂಟೀನಾ ಸೌದಿ ಅರೇಬಿಯಾಕ್ಕೆ 1-2ರಿಂದ ಸೋತಿತು. ಮೊದಲಾರ್ಧದಲ್ಲಿ ಅದರ ಮೂರು ಗೋಲುಗಳು ಆಫ್‌ಸೈಡ್ (ಪಾಸ್ ಕೊಡುವ ಕ್ಷಣದಲ್ಲಿ ಎದುರಾಳಿಯ ರಕ್ಷಕರನ್ನು ದಾಟಿ ಗೋಲಿನ ಹತ್ತಿರ ನಿಂತಿರುವ ತಪ್ಪು) ಎಂದು ರದ್ದಾಗಿದ್ದವು. ಕೊನೆಗೆ ಕಪ್ ಗೆದ್ದದ್ದು ಅದೇ ತಂಡ. ಆದರೆ ಪ್ರತಿ ಸೋಲಿಗೂ ಅದೃಷ್ಟದ ನೆಪ ಹೇಳುವುದು ಆತ್ಮವಂಚನೆ. 2014ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಜರ್ಮನಿಯ ಎದುರು ಬ್ರೆಜಿಲ್ ಮೊದಲ ಅರ್ಧ ಗಂಟೆಯೊಳಗೆ ಐದು ಗೋಲು ಬಿಟ್ಟುಕೊಟ್ಟು 1-7ರಿಂದ ಸೋತಾಗ, ತಂಡದ ತಾರೆ ನೇಯ್ಮಾರ್ ಆಡಲಿಲ್ಲ ಎಂಬ ಕಾರಣವೊಂದರಿಂದ ಆ ಕುಸಿತವನ್ನು ವಿವರಿಸುವಂತಿರಲಿಲ್ಲ.

ರೆಫರಿಯನ್ನು ದೂರುವ ಮುನ್ನ ನಿಯಮವನ್ನು ಒಮ್ಮೆ ಓದಿಕೊಳ್ಳಿ. ಥ್ರೋ-ಇನ್‌ನಿಂದ (ಪಕ್ಕದ ಗೆರೆಯಿಂದ ಕೈಯಲ್ಲಿ ಎಸೆಯುವುದರಿಂದ) ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲವೆಂಬುದು ಗೊತ್ತಿಲ್ಲದೆ ಅರಚುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ; ಒಂದು ಕಾಲಕ್ಕೆ ಅವನು ನಾನೇ ಆಗಿದ್ದೆ.

ಆಟಗಾರನಿಗೆ ನೇರವಾಗಿ ಬೈಗುಳದ ಸಂದೇಶ ಕಳುಹಿಸುವುದನ್ನಂತೂ ಯಾವ ಸ್ಥಿತಿಯಲ್ಲೂ ಮಾಡಕೂಡದು. 1950ರ ವಿಶ್ವಕಪ್‌ನಲ್ಲಿ ಮರಕಾನಾ ಕ್ರೀಡಾಂಗಣದಲ್ಲಿ ಉರುಗ್ವೆಗೆ 1-2ರಿಂದ ಸೋತ ಬ್ರೆಜಿಲ್‌ನಲ್ಲಿ ಗೋಲ್‌ಕೀಪರ್ ಬಾರ್ಬೋಸಾ ಮೇಲೆ ಹೊರಿಸಿದ ಆ ಸೋಲಿನ ಹೊರೆ, 2000ದಲ್ಲಿ ಅವರು ತೀರಿಕೊಳ್ಳುವವರೆಗೂ ಇಳಿಯಲಿಲ್ಲ. ಅಂದು ಮೈದಾನದಲ್ಲಿ ಬ್ರೆಜಿಲ್‌ನ ಹನ್ನೊಂದು ಮಂದಿ ಇದ್ದರು.

ಕೊನೆಯದಾಗಿ, ಮರುವೀಕ್ಷಣೆಯಲ್ಲಿ ಕಂಡ ದೋಷವೊಂದನ್ನು ಪ್ರಶ್ನೆಯ ರೂಪದಲ್ಲಿ ಚೀಟಿಯಲ್ಲಿ ಬರೆದಿಟ್ಟುಕೊಂಡು ಮುಂದಿನ ಪಂದ್ಯಕ್ಕೆ ಕೂರಿ. ನನ್ನ ಚೀಟಿಯಲ್ಲಿದ್ದದ್ದು 'ದೂರದ ಕಂಬಕ್ಕೆ ಯಾರು?' ಎಂಬ ಪ್ರಶ್ನೆ. ಆ ಪಂದ್ಯದಲ್ಲಿ ಎದುರಾಳಿಗೆ ಮೊದಲ ಕಾರ್ನರ್ ಸಿಕ್ಕಾಗ, ಹಿಂದಿನ ವಾರ ಮೊಣಕಾಲಿಗೆ ಕೈಯೂರಿ ನಿಂತಿದ್ದ ಅದೇ ಮಿಡ್‌ಫೀಲ್ಡರ್ ಓಡಿ ಬಂದು ಆ ಕಂಬವನ್ನು ಒಂದು ಕೈಯಿಂದ ಹಿಡಿದು ನಿಂತ.